ಮಗಳಿಗೆ ಕೊಟ್ಟ ಕಿಟ್

ತಪ್ಪು ನನ್ನದೇ. ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಗೆಂದು ನನ್ನ ಹೆಸರಿಗೆ ಅಂಚೆಯಲ್ಲಿ ಬಂದ ಕಿಟ್ಟನ್ನು ಮಗಳು ತೂವೆಗೆ ಕೊಟ್ಟುಬಿಟ್ಟೆ. ನಾರ್ವೆಯಿಂದ ಆಗಷ್ಟೇ ಸ್ವೀಡನ್ನಿಗೆ ವಾಪಸಾಗಿದ್ದಳು, ಅವಳಿಗಿನ್ನೂ ಬಂದಿರಲಿಲ್ಲ. ಬಚ್ಚಲಲ್ಲಿ ನಾವೇ ಕಡ್ಡಿಯಿಂದ ಮಾದರಿ ತೆಗೆದು ಅಂಚೆಡಬ್ಬಿಗೆ ಹಾಕಿದರಾಯಿತು.

"ನಿನಗೆ ಬಂದಿದ್ದಲ್ವಾ ಅಮ್ಮ?" ಅಂದಳು.

"ಅರವತ್ನಾಲ್ಕರ ಮುದುಕಿಗೆ ಯಾಕೆ? ಅದೇನಿದ್ರೂ ನಿಮ್ಮ ವಯಸ್ಸಿನವರ ಕಾಯಿಲೆ. ಸುಮ್ನೆ ಹಾಳಾಗುತ್ತೆ, ನೀನೇ ಮಾಡ್ಕೋ."

ಹೊಸ ವಸ್ತು ಕಸಕ್ಕೆ ಹಾಕೋದು ನನ್ನಿಂದಾಗದು.

ಮೂರು ವಾರಕ್ಕೆ ಉತ್ತರ ಬಂತು: ಈ ಕ್ಯಾನ್ಸರ್ ತರಬಲ್ಲ ವೈರಾಣು ಪತ್ತೆಯಾಗಿದೆ, ಚಿಕಿತ್ಸಾಲಯಕ್ಕೆ ಬನ್ನಿ. ಹೆಸರು ನನ್ನದು, ಮಾಯ್ವೋರ್; ವೈರಾಣು ಮಗಳದು! ಮೂವತ್ತೆಂಟು ವರ್ಷ, ಇನ್ನೂ ಮಗು ಬೇಕೆನ್ನುವವಳು. ಕಾಗದವನ್ನು ಬ್ರೆಡ್ ಡಬ್ಬಿಯಡಿ ಬಚ್ಚಿಟ್ಟೆ. ಚರ್ಚಿನ ಕಡೆ ತಲೆಹಾಕದ ನಾನು ಪಾತ್ರೆ ತೊಳೆಯುತ್ತ, "ದೇವರೇ, ಬೇಕಿದ್ರೆ ನನಗೇ ಕೊಡು, ಅವಳನ್ನ ಬಿಡು" ಅಂತ ಬೇಡಿಕೊಂಡೆ.

ಮೂರನೇ ದಿನ ತಡೆಯಲಾರದೆ ಹೇಳಿದೆ. ತೂವೆಯ ಮುಖ ಬಿಳಿಚಿತು.

"ಎರಡು ದಿನ ಮುಚ್ಚಿಟ್ಯಾ? ನಿನಗೆ ತಲೆ ನೆಟ್ಟಗಿದೆಯಾ ಅಮ್ಮ?"

ಚಿಕಿತ್ಸಾಲಯದ ದಾದಿ ಇಂಗೆಲಾ ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. "ಅದೇನು ಕಾಫಿಪುಡೀನಾ, ಇನ್ನೊಬ್ಬರಿಗೆ ಕೊಡೋಕೆ? ಇಬ್ರೂ ಪರೀಕ್ಷೆ ಮಾಡಿಸ್ಕೊಳ್ಳಿ."

"ನನಗ್ಯಾಕೆ?"

"ಲಸಿಕೆ ಹಾಕಿಸ್ಕೊಂಡ ಹುಡುಗಿಯರಲ್ಲಿ ಇದು ಕಮ್ಮಿಯಾಗ್ತಿದೆ, ಮಾಯ್ವೋರ್. ಇನ್ನು ನಮಗೇನು ಅಂತ ಕೂತ ನಿಮ್ಮ ವಯಸ್ಸಿನವರೇ ತಡವಾಗಿ ಬರೋದು. ಕೊನೇ ಸಲ ಯಾವಾಗ ಮಾಡಿಸಿದ್ರಿ?"

ಹದಿನೈದು ವರ್ಷವಾಗಿತ್ತು.

ಪರೀಕ್ಷೆ ಮಾಡಿಸಿ ಬಂದ ಮೇಲೆ ಫೋನ್ ಸದ್ದಾದರೆ ಸಾಕು, ಇಬ್ಬರೂ ಬೆಚ್ಚುತ್ತಿದ್ದೆವು. ತೂವೆ ಊಟ ಅರ್ಧಕ್ಕೇ ಬಿಡುತ್ತಿದ್ದಳು. ನಾನು ಗದರಿ ಬಡಿಸಿ, ನನ್ನ ತಟ್ಟೆಯನ್ನೂ ಹಾಗೇ ಎತ್ತಿಡುತ್ತಿದ್ದೆ.

ಒಂದು ಮಂಗಳವಾರ ಇಂಗೆಲಾ ತೂವೆಗೆ ಫೋನ್ ಮಾಡಿದರು. ಜೀವಕೋಶಗಳು ಚೆನ್ನಾಗಿವೆ, ವೈರಾಣು ಹೋಗಿದೆಯಾ ಅಂತ ಆಮೇಲೆ ಇನ್ನೊಮ್ಮೆ ನೋಡಿದರಾಯಿತು. ತೂವೆ ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಸದ್ಯ, ಬದುಕಿದೆ ಅನ್ನಿಸಿತು. ಕಾಫಿಗಿಟ್ಟೆ.

"ಅಮ್ಮ, ಇಂಗೆಲಾ ಇನ್ನೂ ಲೈನಲ್ಲಿದ್ದಾರೆ, ನಿನ್ನ ಹತ್ರ ಮಾತಾಡ್ಬೇಕಂತೆ."

"ಮಾಯ್ವೋರ್," ಅಂದರು ಇಂಗೆಲಾ. "ನಿಮ್ಮದು ಚೆನ್ನಾಗಿಲ್ಲ. ನಾಳೆ ಬೆಳಿಗ್ಗೇನೇ ಆಸ್ಪತ್ರೆಗೆ ಹೋಗಿ. ಒಬ್ರೇ ಹೋಗ್ಬೇಡಿ."

ಬೇಡಿಕೊಂಡವಳು ನಾನೇ. ಆದರೆ ನಿಜ ಹೇಳ್ತೀನಿ, ನನಗದು ಬೇಕಿರಲಿಲ್ಲ. ನಾನಿನ್ನೂ ಬದುಕಬೇಕಿತ್ತು.

"ಏನಂತೆ?" ತೂವೆ ಕೇಳಿದಳು, ಕೆನ್ನೆ ಇನ್ನೂ ಒದ್ದೆ, ಬಾಯಲ್ಲಿ ನಗು.

ಬ್ರೆಡ್ ಡಬ್ಬಿ ಕಣ್ಣಿಗೆ ಬಿತ್ತು. ಈ ಸಲ ಮುಚ್ಚಿಡಲಿಲ್ಲ.

"ನಾಳೆ ನನ್ನ ಜೊತೆ ಬಾರೇ," ಅಂದೆ. "ನನಗೆ ಭಯ ಆಗ್ತಿದೆ."