ಎಡಗಿವಿಯ ಹಿಂದೆ

ಮುಂದಿನ ಸೀಟಿನ ಹೆಂಗಸಿನ ಕಿವಿಯ ಹಿಂದೆ ಸೋಪು ಹಾಗೇ ಒಣಗಿ ಬಿಳಿ ಗೆರೆಯಾಗಿದೆ, ಬಸ್ಸು ತಪ್ಪೀತೆಂದು ಎರಡು ತಂಬಿಗೆ ಸುರಿದುಕೊಂಡು ಓಡಿ ಬಂದಿರಬೇಕು, ಎಲ್ಲರೂ ಅಷ್ಟೇ, ಮುಖ ತೊಳೆಯುತ್ತಾರೆ, ಕೈಕಾಲು ತೊಳೆಯುತ್ತಾರೆ, ಕಿವಿಯ ಹಿಂದೆ ಒಂದು ಜಾಗ ಇದೆಯೆಂಬುದೇ ಯಾರಿಗೂ ನೆನಪಿರುವುದಿಲ್ಲ, ಬದುಕಿದ್ದವರು ಇವತ್ತು ಮರೆತರೆ ನಾಳೆ ತೊಳೆದುಕೊಂಡಾರು, ಸತ್ತವರಿಗೆ ನಾಳೆ ಎಲ್ಲಿಯದು — ಕರುಣಾ ಅಲ್ಲಿಂದ ಕಣ್ಣು ಕಿತ್ತು ರಸ್ತೆಯ ಕಡೆ ನೋಡಿದಳು, ಎರಡು ಟ್ರೇಲರು ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಇನ್ನೂ ಬಸ್ಸಿನ ಮುಂದೆಯೇ ಇದೆ, ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು ನಡುರಸ್ತೆಯಲ್ಲಿ ತೂಗಾಡುತ್ತ ಹೊರಟಿದೆ, ಮುಧೋಳ ಬಿಟ್ಟು ಮುಕ್ಕಾಲು ತಾಸಾಯಿತು, ಮಹಾಲಿಂಗಪುರವೇ ಬಂದಿಲ್ಲ, ರಬಕವಿ ಯಾವಾಗ. ಅಲ್ಲಿ ಅವ್ವ ಮಲಗಿದ್ದಾಳೆ. ನಸುಕಿನಲ್ಲಿ ರಾಟಿಯ ಮುಂದೆ ಕುಳಿತು ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದವಳು ಹಾಗೇ ಗೋಡೆಗೆ ಒರಗಿದಳಂತೆ, ರಾಟಿಯ ಸಪ್ಪಳ ನಿಂತದ್ದು ಕೇಳಿ ಪಕ್ಕದ ಮನೆಯ ಸಾವಿತ್ರೆವ್ವ ಬಂದು ನೋಡಿದಳಂತೆ, ಫೋನು ಮಾಡಿದವಳೂ ಅವಳೇ, ಅಣ್ಣನಲ್ಲ — ನಿಮ್ಮವ್ವ ಹ್ವಾದಳು ಕರುಣಾ, ಲಗೂನ ಬಾ, ನೀನ ಎರೀಬೇಕಂತ ಹೇಳತಿದ್ಲು. ಲಗೂನ ಎಂದರೆ ಹೇಗೆ, ಇಳಿದು ಓಡಲೇ, ಅವ್ವನ ಮೈಮೇಲಿನ ಕೊನೆಯ ನೀರು ತನ್ನ ಕೈಯಿಂದ ಬೀಳಬೇಕು, ಬೇರೇನೂ ಬೇಡ, ಮನೆಯಲ್ಲಿ ಪಾಲು ಬೇಡ, ಅವ್ವನ ಬೆಂಡೋಲೆ ಬೇಡ, ಅದೊಂದು ಬೇಕು.

ಕಂಡಕ್ಟರ್ ಬಂದು ಆಧಾರ್ ಕಾರ್ಡು ಕೇಳಿದ, ಕರುಣಾ ದೇವದಾನಪ್ಪ ಎಂಬ ಹೆಸರು ಓದಿದ, ಫೋಟೋದಲ್ಲಿನ ಬರಿದಲೆ ನೋಡಿದ, ಎದುರಿಗಿನ ಕಪ್ಪು ಸ್ಕಾರ್ಫು ನೋಡಿದ, ಇದು ನಿಮ್ಮದ ಏನ್ರಿ ಎಂದ. ನನ್ನದಲ್ಲದೆ ನಿಮ್ಮದೇ ಎನ್ನಬೇಕೆನಿಸಿತು, ಮೂಗು ಅದೇ, ಗದ್ದದ ಮೇಲಿನ ಮಚ್ಚೆ ಅದೇ, ಹೆಸರೂ ಅದೇ, ಹೆಸರು ಬದಲಿಸಬೇಕೇ ಎಂದು ಕೇಳಿದಾಗ ಮಸೀದಿಯ ಹಾಫೀಜ್ ಸಾಹೇಬರು ನಕ್ಕು, ಅರ್ಥ ಛಲೋ ಐತಿ, ಇರಲಿ ಬಿಡವ್ವ ಎಂದಿದ್ದರು, ಓಣಿಯ ಹೆಂಗಸರಿಗೆ ಮಾತ್ರ ಸಮಾಧಾನವಿಲ್ಲ, ಆಯಿಷಾ ಅಂತಿಟ್ಟುಕೋ, ಜೈನಬ್ ಅಂತಿಟ್ಟುಕೋ, ಹುಟ್ಟಿದ ಕೂಸಿಗೆ ತೊಟ್ಟಿಲು ತೂಗುವವರ ಹಾಗೆ ಮುತ್ತಿಕೊಂಡಿದ್ದರು, ನಲವತ್ತೊಂದರ ಕೂಸು. ಕಂಡಕ್ಟರ್ ಶೂನ್ಯ ಟಿಕೆಟ್ಟು ಹರಿದು ಕೊಟ್ಟ, ಆದರೂ ಹೋಗಲೊಲ್ಲ, ಅವನ ಬಾಯಲ್ಲಿ ತಿರುಗುತ್ತಿದ್ದ ಪ್ರಶ್ನೆ ಅವಳಿಗೆ ಗೊತ್ತು, ಎಲ್ಲರ ಬಾಯಲ್ಲೂ ಅದೊಂದೇ — ಯಾರು ಅವ. ಚರ್ಚಿನ ಸಭೆಯ ಹಿರಿಯರು ಕೇಳಿದರು, ಅಣ್ಣನ ಹೆಂಡತಿ ವೈನಿ ಕೇಳಿದಳು, ಸೀರೆಗೆ ಫಾಲು ಹಚ್ಚಿಸಲು ಬರುವ ಗಿರಾಕಿಗಳು ಕೇಳಿದರು, ಒಬ್ಬಳಂತೂ ದುಬೈಯವನಾ ಎಂದು ಕಣ್ಣು ಹೊಡೆದಳು, ಹೆಣ್ಣು ಅಂದಮೇಲೆ ಅವಳ ದೇವರನ್ನೂ ಒಬ್ಬ ಗಂಡಸೇ ತಂದುಕೊಡಬೇಕೇ, ಅವಳಿಗೊಂದು ತಲೆ ಇರಬಾರದೇ, ಆ ತಲೆಯೊಳಗೆ ಒಂದು ಪ್ರಶ್ನೆ ಹುಟ್ಟಿ ಅದು ವರ್ಷಗಟ್ಟಲೆ ನಿದ್ದೆ ಕೆಡಿಸಬಾರದೇ. ಹೊಸ ಮಂದಿಯೂ ಕಡಿಮೆಯಿಲ್ಲ, ಮಸೀದಿಯ ಜಲಸಾ ಒಂದರಲ್ಲಿ ಎಲ್ಲರೆದುರು ಮೈಕು ತಂದು ಬಾಯಿಗೆ ಹಿಡಿದರು, ಹಳೆಯದನ್ನು ಯಾಕೆ ಬಿಟ್ಟೆ ಹೇಳು, ಕೇಳಿದವರ ಈಮಾನು ಗಟ್ಟಿಯಾಗುತ್ತದೆ ಎಂದರು, ಅವಳು ಮೈಕು ಸರಿಸಿ ಎದ್ದು ಬಂದಳು, ಬಿಟ್ಟದ್ದನ್ನು ಬೈದು ಹಿಡಿದದ್ದನ್ನು ಹೊಗಳಬೇಕಂತೆ, ಅವ್ವ ಕಲಿಸಿದ ಪ್ರಾರ್ಥನೆಯನ್ನು ಅವಳು ಯಾಕೆ ಬೈದಾಳು, ಅವಳಿಗೆ ದೇವರ ಹತ್ತಿರ ಮಾತಾಡಲು ಕಲಿಸಿದವಳೇ ಅವ್ವ.

ನಿಜ ಹೇಳಿದರೆ ಯಾರೂ ನಂಬುವುದಿಲ್ಲ, ಒಂದು ತಂಬಿಗೆ ನೀರಿನಿಂದ ಆದದ್ದು ಎಂದರೆ ನಗುತ್ತಾರೆ. ಮುಧೋಳದಲ್ಲಿ ದಾವಲಬಿಯ ಮನೆಯ ಹಿಂದಿನ ಖೋಲಿಯಲ್ಲಿ ಅವಳು ಬಾಡಿಗೆಗಿದ್ದಳು, ರೋಗದ ವರ್ಷ ಅದು, ದಾವಲಬಿ ಸತ್ತದ್ದು ಸಕ್ಕರೆ ಕಾಯಿಲೆಯಿಂದ, ಆದರೆ ಆ ವರ್ಷ ಯಾವ ಸಾವಿನ ಹತ್ತಿರವೂ ಯಾರೂ ಸುಳಿಯುತ್ತಿರಲಿಲ್ಲ, ಮೈ ತೊಳೆಯಲು ಬಂದದ್ದು ಒಬ್ಬಳೇ ಮುದುಕಿ, ನೀರು ಹಾಕಲಿಕ್ಕೆ ಇನ್ನೊಂದು ಕೈ ಬೇಕು, ಬಾರವ್ವ ಎಂದಳು, ಕರುಣಾ ತಂಬಿಗೆ ಹಿಡಿದು ನಿಂತಳು. ಮೈಮೇಲೆ ಚಾದರ ಹೊದಿಸಿ, ಚಾದರದ ಒಳಗೇ ಕೈಯಾಡಿಸಿ, ಬಾರಿ ಹಣ್ಣಿನ ಗಿಡದ ಎಲೆ ಹಾಕಿ ಕಾಸಿದ ನೀರು, ಬಿಸಿ ಹೆಚ್ಚಾಯಿತೇನೋ ಎಂದು ಮುದುಕಿ ತನ್ನ ಮೊಣಕೈ ಮೇಲೆ ಹನಿಸಿ ನೋಡುತ್ತಾಳೆ, ಮೊದಲು ಬಲಗಡೆ, ಆಮೇಲೆ ಎಡಗಡೆ, ಬೆರಳ ಸಂದಿ, ಕಿವಿಯ ಹಿಂದೆ, ಹಗೂರ ಹಾಕವ್ವ, ನೋವಾದೀತು ಎನ್ನುತ್ತಾಳೆ — ಸತ್ತವಳಿಗೆ ನೋವಾದೀತು, ಸತ್ತವಳಿಗೂ ನಾಚಿಕೆಯಾದೀತು. ಹಾಗೆ ನಂಬುವವರ ದೇವರು ಎಂಥವನು ನೋಡಬೇಕು ಎನಿಸಿತು, ಕನ್ನಡದ ಕುರಾನು ತಂದು ಓದಿದಳು, ಎರಡು ವರ್ಷ ಓದಿದಳು, ಜಗಳವಾಡಿದಳು, ಮುಚ್ಚಿಟ್ಟಳು, ಮತ್ತೆ ತೆರೆದಳು, ಕೊನೆಗೆ ಒಂದು ಮಧ್ಯಾಹ್ನ ಫಾಲು ಹಚ್ಚುವ ಮಷೀನು ನಿಲ್ಲಿಸಿ ಎದ್ದು ಹೋಗಿ ಕಲಿಮಾ ಹೇಳಿ ಇಸ್ಲಾಮಿಗೆ ಬಂದಳು. ಅದಕ್ಕೂ ಮೊದಲು ಅವಳ ದಿನ ಎಂದರೆ ಕರೆಂಟು ಬಂತು ಕರೆಂಟು ಹೋಯಿತು, ಅಷ್ಟೇ, ತಾನು ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಈಗ ಆ ಮುದುಕಿಗೆ ಕೈ ನಡುಗುತ್ತದೆ, ಓಣಿಯಲ್ಲಿ ಹೆಣ್ಣುಮಕ್ಕಳು ತೀರಿಕೊಂಡರೆ ಕರುಣಾನ ಕರೀರಿ ಎನ್ನುತ್ತಾರೆ, ಹನ್ನೊಂದು ಮಂದಿ ಆದರು, ಒಬ್ಬಳು ಬಾಣಂತಿ, ಹನ್ನೊಂದು ಮಂದಿಯ ಕಿವಿಯ ಹಿಂದೆಯೂ ಅವಳ ಬೆರಳು ಹೋಗಿ ಬಂದಿದೆ, ಇದಕ್ಕೇ ತಾನು ಹುಟ್ಟಿದ್ದು ಎಂದು ಎದೆ ತಟ್ಟಿ ಹೇಳಬಲ್ಲಳು, ಊರವರ ಅವ್ವಂದಿರಿಗೆಲ್ಲ ಬೇಕಾದ ಕೈ ತನ್ನ ಅವ್ವನಿಗೆ ಬೇಡವಾಯಿತೇ.

ಬೇಡ ಎಂದವನು ಅಣ್ಣ ಜಯಶೀಲ. ಬಸ್ಸು ಮಹಾಲಿಂಗಪುರ ಮುಟ್ಟುವ ಹೊತ್ತಿಗೆ ಅವನ ಫೋನು ಬಂತು — ಎರದಾತು, ನೀ ಗಡಿಬಿಡಿ ಮಾಡಬ್ಯಾಡ, ಹನ್ನೊಂದಕ್ಕ ಮಣ್ಣು. ಅವ್ವ ಹೇಳಿದ್ದಳು ಅಣ್ಣಾ ಎಂದರೆ, ನಮ್ಮ ಮುಂದ ಹೇಳಿಲ್ಲ ಎನ್ನುತ್ತಾನೆ, ನೀ ನೀರು ಹಾಕುವಾಗ ಬಾಯಾಗ ಏನ ಅಂತಿ ಯಾರಿಗೆ ಗೊತ್ತು, ಹಿರೇರು ಬ್ಯಾಡಂದ್ರ ಮಣ್ಣಿಗೆ ಜಾಗಾ ಎಲ್ಲಿ ಹುಡುಕಲಿ ನಾ. ಏನು ಅನ್ನುತ್ತಿದ್ದಳು, ಅವ್ವಾ ಎನ್ನುತ್ತಿದ್ದಳು, ಬೇರೇನು. ಹೊರಡುವ ಮೊದಲೇ ಹಾಫೀಜ್ ಸಾಹೇಬರಿಗೆ ಫೋನು ಮಾಡಿ ಕೇಳಿದ್ದಾಳೆ, ತಾಯಿ ತಾಯಿನ ಅಲ್ಲೇನವ್ವ, ನಮ್ಮ ಪದ್ಧತಿ ಅಲ್ಲಿ ಬ್ಯಾಡ, ಬರೇ ನೀರು ಹಾಕಿ ಮೈ ತೊಳಿ, ಅವರ ರೀತಿ ಅವರು ಮಾಡ್ಕೊಳ್ಳಿ ಎಂದಿದ್ದಾರೆ, ನೀರು ಹಾಕುವ ನೆಪದಲ್ಲಿ ಕದ್ದು ಮತಾಂತರ ಮಾಡಲಿಕ್ಕೆ ಅವಳೇನು ಕಳ್ಳಿಯೇ. ಇನ್ನೊಂದು ಮಾತೂ ಅಂದ ಅಣ್ಣ — ಬರೂದಾದ್ರ ತಲಿ ಮ್ಯಾಲಿಂದು ತಗದ ಬಾ. ತಲೆಯ ಮೇಲಿನದು, ಭಾನುವಾರ ಸಭೆಯಲ್ಲಿ ತಲೆಯ ಸೆರಗು ಜಾರಿದರೆ ಅವ್ವ ತೊಡೆ ಚಿವುಟುತ್ತಿದ್ದಳು, ಈಗ ಪೆಟ್ಟಿಗೆಯ ಸುತ್ತ ನಿಂತ ಹೆಂಗಸರೆಲ್ಲ ಸೆರಗು ಹೊದ್ದೇ ನಿಂತಿರುತ್ತಾರೆ, ಇವಳೊಬ್ಬಳು ಮಾತ್ರ ಬರಿದಲೆಯಲ್ಲಿ ನಿಂತರೆ ಅವರ ದೇವರಿಗೆ ಸಮಾಧಾನ. ಅವ್ವನಿಗೇನು ಮಗಳು ಹೀಗಾದದ್ದು ಖುಷಿಯಿತ್ತೇ, ಇರಲಿಲ್ಲ, ಆರು ತಿಂಗಳು ಮಾತು ಬಿಟ್ಟಿದ್ದಳು, ಆಮೇಲೆ ಸಾವಿತ್ರೆವ್ವನ ಕಡೆಯಿಂದ ಹೇಳಿ ಕಳಿಸಿದಳು, ತಲಿ ಎರೀಬೇಕಾಗೇದ, ಬಂದ ಹೋಗಂತ ಹೇಳ. ಹಿತ್ತಲಲ್ಲಿ ಮಣೆಯ ಮೇಲೆ ಕೂತ ಅವ್ವ, ಎಡಗಿವಿಯ ಹಿಂದೆ ಕೆಂಪು ನೂಲಿನ ಎಳೆ, ಅದು ಅವಳ ಚಟ, ಸುತ್ತುವಾಗ ನೂಲು ಹರಿದರೆ ತುಂಡು ಎಳೆಯನ್ನು ಅಲ್ಲಿ ಸಿಕ್ಕಿಸಿ ಮರೆತುಬಿಡುತ್ತಾಳೆ, ಅದನ್ನು ತೆಗೆಯದೆ ನೀರು ಹಾಕಿದರೆ ಮುಗಿಯಿತು, ನೀರಿಗೆ ಬಿಡುವ ಕಚ್ಚಾ ಬಣ್ಣ, ಕಿವಿಯಿಂದ ಕುತ್ತಿಗೆಗೆ ಕೆಂಪಗೆ ಇಳಿದು ಮೂರು ದಿನ ಹೋಗುವುದಿಲ್ಲ, ಚಿಕ್ಕವಳಿದ್ದಾಗ ಅದನ್ನು ರಕ್ತವೆಂದು ತಿಳಿದು ಚೀರಿ ಅತ್ತಿದ್ದಳು ಕರುಣಾ. ಅವತ್ತು ಎಳೆ ತೆಗೆದಿಟ್ಟು, ಮೊಣಕೈ ಮೇಲೆ ಹನಿಸಿ ನೋಡಿ, ನೀರು ಹಾಕಿದಳು, ಅವ್ವ ಕಣ್ಣು ಮುಚ್ಚಿಕೊಂಡೇ, ನಿನ್ನ ಕೈ ಮೆತ್ತಗಾಗ್ಯಾವಬೇ, ಎಲ್ಲಿ ಕಲತಿ ಎಂದಳು. ಮಗಳು ಹೇಳಿದಳು, ಎಲ್ಲಿ ಕಲಿತೆ, ಯಾರ ಮೈ ತೊಳೆಯುತ್ತೇನೆ, ಎಲ್ಲ. ಹಂಗಾರ ನಾ ಹ್ವಾದಾಗ ನೀನ ಎರಿ, ನಿಮ್ಮ ವೈನಿ ಕೈ ಬಿರುಸು.

ಟ್ರ್ಯಾಕ್ಟರು ಯಾವಾಗ ತಿರುಗಿತೋ, ಬಸ್ಸು ಬನಹಟ್ಟಿ ದಾಟಿತು, ರಬಕವಿ ಬಂತು, ಓಣಿಯ ಮಗ್ಗಗಳು ಅವ್ವನಿಗಾಗಿ ನಿಂತಿವೆ, ಸಪ್ಪಳವಿಲ್ಲದ ಓಣಿ ಇಷ್ಟು ಉದ್ದವೇ, ಸ್ಕಾರ್ಫು ತಲೆಯ ಮೇಲೆಯೇ ಇದೆ, ಇರುತ್ತದೆ, ಬಾಗಿಲಲ್ಲಿ ಅಣ್ಣ ನಿಂತಿದ್ದಾನೆ, ಅತ್ತು ಕಣ್ಣು ಊದಿವೆ, ಅವನಿಗೂ ಅವಳು ಅವ್ವನೇ. ಅವನು ತಲೆಯ ಕಡೆ ನೋಡಿದ, ಸರಿದು ನಿಂತ. ಪಡಸಾಲೆಯಲ್ಲಿ ಪೆಟ್ಟಿಗೆ, ಮುಚ್ಚಳ ಗೋಡೆಗೆ ಒರಗಿದೆ, ಅವ್ವನಿಗೆ ಬಿಳಿ ಸೀರೆ, ಹಣೆಯವರೆಗೆ ಸೆರಗು, ಮುಖಕ್ಕೆ ಪೌಡರು, ಛಲೋ ಕಾಣುತ್ತಾಳೆ, ಯಾರು ಎರೆದಿರಿ ಎಂದಳು ಕರುಣಾ, ನಾವ ಮೂರ ಮಂದಿ ಎಂದಳು ವೈನಿ, ನೆಲ ನೋಡುತ್ತ, ತಲಿ ಮ್ಯಾಲಿಂದನ ಎರದೇವಿ. ಗೋಡೆಯ ಬದಿಗೆ ನಿಂತಿದ್ದ ಸಾವಿತ್ರೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕರುಣಾ ಬಗ್ಗಿದಳು, ಮುಟ್ಟಬ್ಯಾಡ ಎಂದ ಅಣ್ಣ, ಕೈ ಆಗಲೇ ಹೋಗಿತ್ತು, ಹನ್ನೊಂದು ಸಲ ಹೋದ ಕೈ ಅದು, ತಾನೇ ದಾರಿ ಹಿಡಿದು ಹೋಗುತ್ತದೆ, ಸೆರಗಿನ ಅಂಚು ಎತ್ತಿತು, ಬಿಳಿ ಕೂದಲು ಸರಿಸಿತು — ಎಳೆ ಇದೆ. ಕೆಂಪು ಎಳೆ, ಇವತ್ತು ನಸುಕಿನದು, ಅವ್ವ ಸಿಕ್ಕಿಸಿದ ಹಾಗೇ ಇದೆ, ಅದರ ಕೆಳಗೆ ಕಿವಿ ಬೆಳ್ಳಗಿದೆ, ಕುತ್ತಿಗೆ ಬೆಳ್ಳಗಿದೆ, ಒಂದು ಹನಿ ಬಣ್ಣ ಇಳಿದಿಲ್ಲ, ಒಂದು ಗೆರೆ ಕೆಂಪಿಲ್ಲ, ಮುಖ ಒರೆಸಿದ್ದಾರೆ, ಸೀರೆ ಬದಲಿಸಿದ್ದಾರೆ, ಮಗಳು ಬರುವುದರೊಳಗೆ ಮುಗಿಯಲಿ ಎಂದು ಓಡಿದ್ದಾರೆ, ಒಂದು ತಂಬಿಗೆ, ಒಂದೇ ಒಂದು ತಂಬಿಗೆ ನೀರನ್ನೂ ಅವ್ವನ ತಲೆಗೆ ಹಾಕಿಲ್ಲ. ಅಣ್ಣಾ, ಅವ್ವಗ ಎರದಿಲ್ಲ ನೀವು. ದನಿ ಅವಳದೇ, ಇಷ್ಟು ಸಣ್ಣಗೆ ಯಾಕೆ ಬಂತು. ಅಣ್ಣ ವೈನಿಯ ಕಡೆ ನೋಡಿದ, ವೈನಿ ಇನ್ನೂ ನೆಲ ನೋಡುತ್ತಿದ್ದಾಳೆ, ಯಾರೋ ಹನ್ನೊಂದಾಗುತ್ತ ಬಂತು ಎಂದರು, ಸಾವಿತ್ರೆವ್ವ, ನೀರ ಕಾಸ್ರಿ ಎಂದಳು ಕರುಣಾ, ಸಾವಿತ್ರೆವ್ವ ಅಣ್ಣನ ಮುಖ ನೋಡಿದಳು, ಅಣ್ಣ ಬಾಗಿಲ ಕಡೆ ನೋಡಿದ, ಬಾಗಿಲಲ್ಲಿ ಹಿರಿಯರು ಕೆಮ್ಮಿದರು, ಯಾರೂ ಅಲುಗಲಿಲ್ಲ, ಅವಳ ಬೆರಳು ಅಲ್ಲೇ ಇದೆ, ಎಡಗಿವಿಯ ಹಿಂದೆ, ಕೆಂಪು ಎಳೆ, ಒಣ ಎಳೆ.