ನುಣುಪು ಮಾಡಿದ ಗೆರೆ

ಇದೇನಿದು, ಪರದೆಯ ಮೇಲೆ ಗೆರೆ ಬಿತ್ತು, ಎದ್ದಿತು, ಮತ್ತೆ ಬಿತ್ತು — ಬಿದ್ದ ಒಂದೊಂದು ಸಲಕ್ಕೂ ಒಂದೊಂದು ಹನಿ, ವೆಲ್ಡಿಂಗ್ ತಂತಿಯ ತುದಿ ಹನಿಯಾಗಿ ಕೆಳಗಿನ ಕರಗಿದ ಉಕ್ಕನ್ನು ಮುಟ್ಟಿದೊಡನೆ ವೋಲ್ಟೇಜ್ ಕುಸಿಯಬೇಕು, ಕರೆಂಟ್ ಜಿಗಿಯಬೇಕು, ದಿನವೂ ಈ ಗೆರೆಗಳನ್ನೇ ಓದುವ ಲೋರ್ನಾ ಪೆಟ್ರಿಶಿನ್ ಇದನ್ನು ನಿದ್ದೆಗಣ್ಣಲ್ಲೂ ಹೇಳಿಯಾಳು, ಆದರೆ ಇಲ್ಲಿ ವೋಲ್ಟೇಜ್ ಕುಸಿದೇ ಇಲ್ಲ, ಕರೆಂಟ್ ಮಾತ್ರ ಒಮ್ಮೆಲೇ ಸತ್ತಿದೆ, ಹನಿ ಮುಟ್ಟದೆಯೇ ಸತ್ತಿದೆ, ಇಲ್ಲೂ, ಇಲ್ಲೂ — ಅಯ್ಯೋ ದೇವರೇ, ಇದು ಕೈನಡುಕವಲ್ಲ, ಉಕ್ಕಿಗೆ ಕಚ್ಚಿಸಿದ ಅರ್ಥ್ ಕ್ಲ್ಯಾಂಪ್ ಸಡಿಲ, ಬೆಸುಗೆ ಹಾಕುತ್ತಿದ್ದ ಓಸ್ವಾಲ್ಡೊ ಅಂದೇ ಬಡಕೊಂಡಿದ್ದ, ಮಗಳೇ, ಕ್ಲ್ಯಾಂಪ್ ನೋಡು, ಸದ್ದು ಕೇಳಲ್ವಾ, ಬೇಕನ್ ಹುರಿದ ಹಾಗೆ ಚರಚರ ಅನ್ನಬೇಕು, ಇದು ಮಧ್ಯೆ ಮಧ್ಯೆ ಉಸಿರು ಕಟ್ತಿದೆ, ಅವಳೋ, ಓಸ್ವಾಲ್ಡೊ, ನಿಮ್ಮ ಕಿವಿಗಿಂತ ಕರೆಂಟ್ ಅಳೆಯೋ ನನ್ನ ಪೆಟ್ಟಿಗೆ ಚುರುಕು, ಅಂದು ನಕ್ಕಿದ್ದಳು, ಹೌದು, ನಕ್ಕಿದ್ದಳು.

ನಾಲ್ಕು ವರ್ಷವಾಯಿತು. ವರದಿಯಲ್ಲಿ ಗೆರೆ ಚೊಕ್ಕಟವಾಗಿ ಕಾಣಲೆಂದು ತಾನೇ ಸರಾಸರಿ ತೆಗೆದು ನುಣುಪು ಮಾಡಿದ್ದು, ಸಾವಿರ ಹನಿಗಳನ್ನು ಇಸ್ತ್ರಿ ಮಾಡಿ ಮಡಚಿಟ್ಟ ಹಾಗೆ, ಉಳಿದದ್ದು ಬರೀ ಓಲಾಟ, ಅದಕ್ಕೆ ತಾನೇ ಬರೆದ ಷರಾ, ಬೆಸುಗೆಗಾರನ ಕೈ ಸ್ಥಿರವಿಲ್ಲ, ಮೂರೇ ಪದ, ಆ ಮೂರು ಪದಕ್ಕೆ ಹ್ಯಾಮಿಲ್ಟನ್ನಿನ ಈ ಕಾರ್ಖಾನೆಯ ಅತಿ ಪಳಗಿದ ಕೈಯಿಂದ ಬೆಸುಗೆಯ ಟಾರ್ಚ್ ಕಿತ್ತುಕೊಂಡು ಉಗ್ರಾಣದಲ್ಲಿ ಕೈಗವಸು ಹಂಚಲು ಕೂರಿಸಿದರು, ಅವನು ಒಂದು ದಿನವೂ ಗೊಣಗಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಬದಲಿಗೆ ಕಳೆದ ಚಳಿಗಾಲ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಇರಬಹುದು ಮಗಳೇ, ವಯಸ್ಸಾಯ್ತು ನೋಡು, ನಡುಗುತ್ತೇನೋ, ನಂಗೇ ಗೊತ್ತಾಗ್ತಿಲ್ಲ — ನಂಬಿಬಿಟ್ಟಿದ್ದಾನೆ, ತನ್ನ ಕೈಯನ್ನು ತಾನೇ ನಂಬದ ಹಾಗೆ ಅವನನ್ನು ಮಾಡಿಟ್ಟಳು, ಛೀ.

ಇವತ್ತು ಅವನ ನಿವೃತ್ತಿ, ಅವನ ಕೊನೆಯ ಬೆಸುಗೆಯ ಗೆರೆಯನ್ನೇ ಚೌಕಟ್ಟು ಹಾಕಿಸಿ ಕೊಡೋಣವೆಂದು ಮೂಲ ದಾಖಲೆ ತೆಗೆದಳಲ್ಲ, ಬುದ್ಧಿವಂತೆ, ಕೆಳಗೆ ಕ್ಯಾಂಟೀನಿನಲ್ಲಿ ಅವನ ಹೆಂಡತಿ ಫಿಲೊಮೆನಾ ತಾನೇ ಮಾಡಿ ತಂದ ಸಿಹಿ ಬ್ರೆಡ್ ಕತ್ತರಿಸುತ್ತಿರಬೇಕು, ಮೆಟ್ಟಿಲ ಬುಡದಿಂದ ಅವನದೇ ದನಿ, ಎಲ್ಲಿದ್ದೀಯಮ್ಮಾ ನಮ್ಮ ಪೆಟ್ಟಿಗೆ ರಾಣಿ, ಬೇಗ ಬಾ, ಈ ಹೊಟ್ಟೆಬಾಕರು ನಿಂಗೆ ಚೂರೂ ಉಳಿಸಲ್ಲ, ಬಂದೆ ಅನ್ನುತ್ತಾಳೆ, ಏಳುವುದಿಲ್ಲ, ಹೇಳಬೇಕು, ಎಲ್ಲರೆದುರೇ ಹೇಳಬೇಕು, ಹೇಳಿದ ಮಾತ್ರಕ್ಕೆ ಆ ನಾಲ್ಕು ವರ್ಷ ಯಾರು ತಂದುಕೊಡುತ್ತಾರೆ, ಗೆರೆಯನ್ನು ಮುಂದೆ ಸರಿಸುತ್ತಾಳೆ, ಬೆಸುಗೆ ಮುಗಿಯಿತು, ದಾಖಲೆ ಮುಗಿದಿಲ್ಲ, ಅಂದು ಪೆಟ್ಟಿಗೆ ಆಫ್ ಮಾಡಲು ಮರೆತಿದ್ದಳು, ಹನ್ನೆರಡು ಸೆಕೆಂಡು ಬರೀ ಸೊನ್ನೆ, ಅಷ್ಟು ಹೊತ್ತೂ ಅವನು ಮುಖವಾಡ ಎತ್ತಿ ಕ್ಲ್ಯಾಂಪಿನತ್ತ ಬೆರಳು ತೋರಿಸಿ ನಿಂತಿದ್ದ, ಓರೆಗಣ್ಣಿಗೆ ಕಂಡಿತ್ತು, ಅವಳು ತಲೆಯೆತ್ತಲಿಲ್ಲ, ಹನ್ನೆರಡು ಸೆಕೆಂಡು, ಆ ಬೆರಳು, ಒಂದಿಷ್ಟೂ ನಡುಗದ ಆ ಬೆರಳು —