ಎಂಟು ದಿನದ ಗೋಡೆ

ಗಡಿಯಾರದಕ್ಕ ನಡೆಯುವಾಗಲೂ ಕತ್ತು ಬಲಕ್ಕೆ ವಾಲಿರುತ್ತದೆ; ಮೂವತ್ತು ವರ್ಷ ಗಡಿಯಾರಗಳನ್ನು ಕಿವಿಗಾನಿಸಿ ಆಲಿಸಿದ ಶರೀರಕ್ಕೆ ಅದೇ ನಿಲುವು ಕಾಯಂ ಆಗಿಬಿಟ್ಟಿದೆ. ರಿಪೇರಿಯಾದದ್ದನ್ನು ಎಂಟು ದಿನ ಅಂಗಡಿಯ ಗೋಡೆಗೆ ತೂಗುಹಾಕಿ ಪರೀಕ್ಷಿಸದೆ ಯಾರಿಗೂ ಕೊಟ್ಟವಳಲ್ಲ. ಅಂಥವಳಿಗೆ ತನ್ನ ಮೈಯ ತಾಳ ತಪ್ಪಿದ್ದು ಮಾತ್ರ ಕೇಳಿಸಲಿಲ್ಲ. ತಿಂಗಳಿಗೆ ಹದಿನೈದು ದಿನ ರಕ್ತಸ್ರಾವವಾಗಿ ಮುಖ ಬಿಳಚಿಕೊಂಡ ಮೇಲೆ ತಂಗಿಯೇ ಆಸ್ಪತ್ರೆಗೆ ಎಳೆದೊಯ್ದಳು.

ಸ್ಕ್ಯಾನು ಮಾಡಿ, ಒಳಗಿಂದ ಮಾಂಸದ ಚೂರು ತೆಗೆದು ಪರೀಕ್ಷಿಸಿ, ಡಾಕ್ಟರಮ್ಮ ಬಿಡಿಸಿ ಹೇಳಿದರು: ಗರ್ಭಕೋಶದ ಒಳಪದರ ದಪ್ಪವಾಗಿದೆ, ಸದ್ಯ ಕೆಟ್ಟ ಜೀವಕೋಶಗಳಿಲ್ಲ, ಹಾಗೇ ಬಿಟ್ಟರೆ ಕ್ಯಾನ್ಸರಿಗೆ ತಿರುಗಬಹುದು. ಆರು ತಿಂಗಳು ಹಾರ್ಮೋನು ಮಾತ್ರೆ, ಇಲ್ಲವೇ ಅದೇ ಹಾರ್ಮೋನನ್ನು ಒಳಗೇ ಒಸರುವ ಪುಟ್ಟ ಸಾಧನ. ಎರಡಕ್ಕೂ ಬಗ್ಗದಿದ್ದರೆ ಗರ್ಭಕೋಶವನ್ನೇ ತೆಗೆಯುವುದು. ಔಷಧ ಯಾವುದಾದರೂ ಮತ್ತೆ ಚೂರು ತೆಗೆದು ನೋಡಲೇಬೇಕು.

"ಒಂದು ಸ್ಪ್ರಿಂಗು ಬಿಗಿಯಾಯ್ತು ಅಂತ ಗಡಿಯಾರನೇ ಬಿಸಾಕ್ತಾರಾ? ನನ್ನೊಳಗೆ ಹೊಸ ಪಾರ್ಟೂ ಬೇಡ. ಮಾತ್ರೆ ಕೊಡಿ," ಎಂದಳು ಅಕ್ಕ, ಗಿರಾಕಿಗೆ ತಿಳಿಹೇಳುವ ಗತ್ತಿನಲ್ಲಿ.

ಎರಡು ತಿಂಗಳಲ್ಲಿ ಸ್ರಾವ ಹತೋಟಿಗೆ ಬಂತು. ಮೂರನೆಯ ತಿಂಗಳ ಮಾತ್ರೆಗಳು ಹಳೇ ಮುಳ್ಳುಗಳ ಡಬ್ಬಿಯಲ್ಲಿ ಹಾಗೇ ಸಿಕ್ಕಿದಾಗ ತಂಗಿಗೆ ಮೈಯೆಲ್ಲ ಉರಿದುಹೋಯಿತು.

"ಇದೇನಕ್ಕ ಇದು?"

"ಸರಿಹೋಗಿದೀನಲ್ಲ. ಓಡೋ ಗಡಿಯಾರನ ಯಾರಾದ್ರೂ ಬಿಚ್ತಾರೇನೇ?"

ಅತ್ತು ಕರೆದರೂ ಅಷ್ಟೇ, ಮೂರು ದಿನ ಮಾತು ಬಿಟ್ಟರೂ ಅಷ್ಟೇ. ಮಾತು ಬಿಟ್ಟದ್ದು ಅಕ್ಕನ ಗಮನಕ್ಕೇ ಬರಲಿಲ್ಲವೆಂಬುದು ಇನ್ನೊಂದು ಸಂಕಟ.

ಒಂದು ಮಧ್ಯಾಹ್ನ ತಂಗಿ ಊಟದ ಡಬ್ಬಿ ಹಿಡಿದು ಬಂದಾಗ ಅಂಗಡಿಯಲ್ಲಿ ಬೇಕರಿಯವನು ತನ್ನ ಗಡಿಯಾರಕ್ಕಾಗಿ ಗೋಗರೆಯುತ್ತಿದ್ದ.

"ಓಡ್ತಾ ಇದೆಯಲ್ಲಮ್ಮ, ಕೊಟ್ಬಿಡಿ."

"ಓಡಿದ್ದೆಲ್ಲ ಸರಿಯಾಯ್ತು ಅನ್ನೋದಾದ್ರೆ ನಾನ್ಯಾಕ್ರೀ ಬೇಕು? ಎಂಟು ದಿನ ಗೋಡೆ ಮೇಲೆ ನೋಡಿದ್ಮೇಲೇ ಕೊಡೋದು."

ತಂಗಿ ಗೋಡೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ಹಾಗೆ ಗುರಾಯಿಸ್ಬೇಡ ಕಣೇ. ಗಡಿಯಾರದ ಮಾತು ಬೇರೆ."

"ನಾನೇನೂ ಅನ್ಲೇ ಇಲ್ವಲ್ಲ!"

ಮರುದಿನ ಬೆಳಿಗ್ಗೆ ಹಳೆಯ ರಿಪೋರ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಅಕ್ಕನೇ. "ಇನ್ನೂ ತಲೆ ಬಾಚಿಲ್ವಾ? ಡಾಕ್ಟರು ನಿನಗೋಸ್ಕರ ಕಾಯ್ತಾರಾ?"

ಮಾತ್ರೆ ಬಿಟ್ಟದ್ದಕ್ಕೆ ಡಾಕ್ಟರಮ್ಮ ಚೆನ್ನಾಗಿ ಬೈದು, ಇಂಥವರಿಗೆ ಸಾಧನವೇ ವಾಸಿ ಎಂದರು.

"ಒಂದ್ಸಲ ಕೂರಿಸಿದ್ರೆ ಎಷ್ಟು ದಿನ ಓಡುತ್ತೆ?"

"ಐದು ವರ್ಷ."

"ಪರವಾಗಿಲ್ಲ. ದಿನಾ ಕೀ ಕೊಡೋ ತಾಪತ್ರಯ ಇಲ್ಲ."

ಸಾಧನ ಹಾಕಿಸಿಕೊಂಡು ಬಂದು, ಮರುಪರೀಕ್ಷೆಯ ತಾರೀಖನ್ನು ಅಂಗಡಿಯ ಗೋಡೆಯ ಮೇಲೆ ತಾನೇ ಬರೆದಳು. ಕೈಯಲ್ಲಿ ವಿದ್ಯೆಯಿರುವ ಇಂಥವರು ಪರರ ಬುದ್ಧಿಮಾತಿಗೆ ಕಿವಿಗೊಡುವವರಲ್ಲ. ಆ ಮಾತು ಅವರ ಬಾಯಿಂದಲೇ ಹೊರಡುವ ತನಕ ಊಟದ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿರಬೇಕು. ಅಷ್ಟು ಹೊತ್ತಿಗೆ, ಅವರನ್ನು ಆಲಿಸಿ ಆಲಿಸಿ, ಮನೆಯವರ ಕತ್ತೂ ತುಸು ವಾಲಿರುತ್ತದೆ.